ಓದುಗರ ಪ್ರಶ್ನೆ, ತಜ್ಞರ ಉತ್ತರ: ಇಲಿ ಕೋಣೆಯ ಬೇಸಿಗೆ

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಭ್ರೂಣಕ್ಕೆ ಡಿಎನ್‌ಎ ಚುಚ್ಚಿ ಜೀನ್ ಮಾರ್ಪಡಿಸಿದ ಇಲಿಗಳನ್ನು ಮಾಡುತ್ತೇವೆ. ಏಪ್ರಿಲ್ ಬಂದ ಮೇಲೆ ಮೊಟ್ಟೆ ಸಿಗುತ್ತವೆ, ಆದರೆ ಅರ್ಧಕ್ಕರ್ಧ ಫಲಿತವಾಗಿರುವುದಿಲ್ಲ. ಹೆಚ್ಚು ಮೊಟ್ಟೆ ಬಿಡಿಸಲು ಹೆಣ್ಣಿಗೆ ಕೊಡುವ ಹಾರ್ಮೋನ್ ಹೊಸದು, ಡೋಸೂ ಅದೇ.
– ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಹಾರ್ಮೋನ್ ಬಿಡಿ, ಮೊದಲು ಇಲಿ ಕೋಣೆಗೆ ಹಗಲು-ರಾತ್ರಿ ಮಾಡುವ ಲೈಟಿನ ಟೈಮರ್ ನೋಡಿ. ಬ್ಯಾಟರಿ ಇಲ್ಲದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ತಾನೂ ನಿಂತಿರುತ್ತದೆ. ದಿನಕ್ಕೆ ಅರ್ಧ ಗಂಟೆ ಹೋದರೂ ಹತ್ತು ದಿನಕ್ಕೆ ಐದು ಗಂಟೆ ಹಿಂದೆ ಬಿತ್ತು. (ಕುಡತಿನಿ, ಶಕ್ತಿನಗರ ಎರಡೂ ಕಡೆ ವಿದ್ಯುತ್ ಸ್ಥಾವರವಿದ್ದೂ ನಮಗೆ ಈ ಗೋಳು!) ಮೊಟ್ಟೆ ಬೆಳೆಸುವ ಹಾರ್ಮೋನ್ ಪಿಎಂಎಸ್‌ಜಿ 5 ಯೂನಿಟ್ ಕೊಟ್ಟು 46ರಿಂದ 48 ಗಂಟೆಗೆ ಮೊಟ್ಟೆ ಬಿಡಿಸುವ ಹಾರ್ಮೋನ್ ಎಚ್‌ಸಿಜಿ 5 ಯೂನಿಟ್ ಕೊಡುವುದು ಗಡಿಯಾರದ ಲೆಕ್ಕ, ಇಲಿ ಕೂಡುವುದು ಕತ್ತಲೆಯ ಲೆಕ್ಕ. ಎರಡರ ಹೊಂದಾಣಿಕೆ ತಪ್ಪಿಹೋದರೆ ಎಚ್‌ಸಿಜಿ ಕೊಟ್ಟ ಸುಮಾರು 12 ಗಂಟೆಗೆ ಮೊಟ್ಟೆ ಹೊರಬಂದರೂ ಗಂಡು ತಡವಾಗಿ ಕೂಡುತ್ತದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ, ದಿನವೂ ಲೈಟ್ ಹತ್ತಿದ ಹೊತ್ತನ್ನು ಪುಸ್ತಕದಲ್ಲಿ ಬರೆಯಿರಿ.

ಬೆಳಿಗ್ಗೆ ಪ್ಲಗ್ (ಕೂಡಿದ ಗುರುತಾಗಿ ಹೆಣ್ಣಿನ ಯೋನಿಯಲ್ಲಿ ಕಾಣುವ ಗಟ್ಟಿ ಬಿರಡೆ) ಹೊತ್ತಿಗೆ ಸರಿಯಾಗಿ ಸಿಕ್ಕೂ ಮೊಟ್ಟೆ ಫಲಿಸಿಲ್ಲವೆಂದರೆ ಅನುಮಾನ ಗಂಡಿನ ಮೇಲೆ. ಸೆಕೆಗೆ ವೀರ್ಯ ಕೆಡುತ್ತದೆ. ಇಲಿಯಲ್ಲಿ ವೀರ್ಯಾಣು ಬೆಳೆಯಲು ಸುಮಾರು 35 ದಿನ ಬೇಕು. ಹಾಗಾಗಿ ಎಸಿ ಕೈಕೊಟ್ಟ ದಿನದಿಂದ ಆರು ವಾರ ಆ ಗಂಡುಗಳನ್ನು ನಂಬಬೇಡಿ, ಬೇರೆಯವನ್ನು ಬಳಸಿ. ಕೋಣೆ 20ರಿಂದ 24 ಡಿಗ್ರಿಯಲ್ಲಿರಲಿ. ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಿದರೆ ಉಪಯೋಗವಿಲ್ಲ. ಪಂಜರಗಳ ಮೇಲಿನ ಸಾಲಿನಲ್ಲಿ ಡೇಟಾ ಲಾಗರ್ (ತಾಪಮಾನವನ್ನು ತಾನೇ ದಾಖಲಿಸುವ ಉಪಕರಣ) ಇಡಿ. ಬಿಸಿ ಗಾಳಿ ಸೇರಿಕೊಳ್ಳುವುದು ಅಲ್ಲೇ. ಎರಡು ಎಸಿ ಪಾಳಿಯಲ್ಲಿ ಓಡಲಿ, ಎರಡೂ ಜನರೇಟರ್ ಸಾಲಿನಲ್ಲಿರಲಿ. ಗಣಿಯ ಕೆಂಪು ಧೂಳು ಎಸಿಯ ಫಿಲ್ಟರನ್ನು ಬೇಗ ಕಟ್ಟುತ್ತದೆ, ವಾರಕ್ಕೊಮ್ಮೆ ತೆಗೆದು ನೋಡಿ. ಜನರೇಟರ್ ಗೋಡೆಗೆ ಅಂಟಿಕೊಂಡಿದ್ದರೆ ಅದರ ಸದ್ದಿಗೇ ಹೆದರಿ ತಾಯಿ ಮರಿಗಳನ್ನು ತಿನ್ನಬಹುದು; ಬಾಣಂತಿ ಪಂಜರಗಳನ್ನು ಆ ಗೋಡೆಯಿಂದ ದೂರ ಇಡಿ.

ಪ್ರಶ್ನೆ: ಬಾಲದ ತುಂಡಿನಿಂದ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಮಾಡಿದರೆ ಎಲ್ಲ ಮರಿಗಳಲ್ಲೂ ನಾವು ಸೇರಿಸಿದ ಜೀನ್ ಇದೆಯೆಂದು ತೋರಿಸುವ ಬ್ಯಾಂಡ್ ಬರುತ್ತಿದೆ. ಬರೀ ನೀರು ಹಾಕಿದ ಟ್ಯೂಬಿನಲ್ಲೂ!
– ತಂತ್ರಜ್ಞ, ರಾಯಚೂರು

ಉತ್ತರ: ನೀರು ನಿಮಗೆ ಉಪಕಾರವನ್ನೇ ಮಾಡಿದೆ, ಆ ದಿನದ ಫಲಿತಾಂಶವನ್ನೆಲ್ಲ ಬಿಸಾಕಿ. ಬಹುಶಃ ಭ್ರೂಣಕ್ಕೆ ಚುಚ್ಚಲು ಬಳಸುವ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಪಿಪೆಟ್‌ಗೆ ತಗುಲಿದೆ. ಅದರ ಒಂದು ಹನಿಯಲ್ಲಿ ಕೋಟಿಗಟ್ಟಲೆ ಪ್ರತಿಗಳಿರುತ್ತವೆ. ಅದನ್ನು ಬೇರೆ ಕೋಣೆಗೆ, ಬೇರೆ ಪಿಪೆಟ್‌ಗೆ ಒಯ್ಯಿರಿ. ಟೇಬಲ್ಲನ್ನು ಶೇ 10ರ ಬ್ಲೀಚ್‌ನಿಂದ ಒರೆಸಿ; ಸ್ಪಿರಿಟ್ ಕ್ರಿಮಿ ಕೊಂದರೂ ಡಿಎನ್‌ಎಯನ್ನು ಹಾಳುಮಾಡುವುದಿಲ್ಲ. 2 ಮಿ.ಮೀ. ಬಾಲ ಸಾಕು, ಅದೂ ಮರಿಗೆ ಮೂರು ವಾರ ತುಂಬುವುದರೊಳಗೆ. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಕತ್ತರಿಯನ್ನೂ ಬ್ಲೀಚ್‌ನಲ್ಲಿ ಅದ್ದಿ, ತೊಳೆದು ಒರೆಸಿ. ಹೊಸ ನೀರು, ಹೊಸ ಪ್ರೈಮರ್ (ನಕಲು ಶುರುಮಾಡಿಸುವ ಡಿಎನ್‌ಎ ತುಣುಕು) ಹಾಕಿ ಮತ್ತೆ ಮಾಡಿ. ನೀರಿನ ಜೊತೆಗೆ ಸಾದಾ (ಜೀನ್ ಮಾರ್ಪಡಿಸದ) ಇಲಿಯ ಡಿಎನ್‌ಎ ಒಂದು, ಖಚಿತವಾಗಿ ಪಾಸಿಟಿವ್ ಇರುವುದು ಒಂದು, ಪ್ರತಿ ಸಲವೂ ಇರಲಿ.

ಪ್ರಶ್ನೆ: ಜೀನ್ ತಿದ್ದುವ ಕ್ರಿಸ್ಪರ್ ವಿಧಾನದಿಂದ ಹುಟ್ಟಿದ ಮೊದಲ ಇಲಿ ಪಾಸಿಟಿವ್, ಅದರ ಏಳೂ ಮರಿ ನೆಗೆಟಿವ್. ಕೈಬಿಡಲೇ?
– ಓದುಗರು, ಕೊಪ್ಪಳ

ಉತ್ತರ: ಇನ್ನೂ ಬೇಡ. ಅದು ಬಹುಶಃ ಮಿಶ್ರ ಇಲಿ: ಬಾಲದಲ್ಲಿ ಬದಲಾವಣೆ ಇದ್ದರೂ ಮರಿಗಳಿಗೆ ಗುಣ ದಾಟಿಸುವ ಬೀಜಕೋಶಗಳಲ್ಲಿ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಸಾದಾ ಇಲಿಯೊಂದಿಗೆ ಇನ್ನೆರಡು ಹೆರಿಗೆ ಆಗಲಿ. ಅಲ್ಲಿಯವರೆಗೆ ಅದರ ಸಹೋದರರಲ್ಲಿ ಪಾಸಿಟಿವ್ ಇರುವವನ್ನೂ ಸಾದಾ ಇಲಿಗಳೊಂದಿಗೆ ಜೋಡಿ ಮಾಡಿಡಿ, ಒಂದೇ ಇಲಿಯ ಮೇಲೆ ಭಾರ ಹಾಕಬೇಡಿ.