ದೊರೆಗಿಂತ ಮೊದಲು ಗಾಳಿ

ಇಟಲಿಯ ಸಾರ್ಡೀನಿಯಾದ ನೈಋತ್ಯಕ್ಕಿರುವ ಸಾನ್ ಪಿಯೆತ್ರೊ ದ್ವೀಪದ ಕಾರ್ಲೊಫೋರ್ತೆ ಪಟ್ಟಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಓದುಗರೊಬ್ಬರ ಆಕ್ಷೇಪ ಬಂದಿದೆ: ಗಾಳಿ, ಮೀನು, ಉಪ್ಪಿಗೆ ಎರಡು ಪುಟ; ಊರು ಕಟ್ಟಿಸಿದ ದೊರೆಗೆ, 1798ರ ಕಡಲ್ಗಳ್ಳರ ದಾಳಿಗೆ ನಾಲ್ಕೇ ಸಾಲು. ಇದರಲ್ಲಿ ಇತಿಹಾಸ ಎಲ್ಲಿದೆ?

ದೊರೆಯನ್ನು ನಾವು ಅಲ್ಲಗಳೆಯುವುದಿಲ್ಲ. ಟುನೀಶಿಯಾ ಕರಾವಳಿಯ ತಬಾರ್ಕಾದಲ್ಲಿ ಹವಳ ತೆಗೆದು ಬದುಕುತ್ತಿದ್ದ ಜಿನೋವಾ ಮೂಲದವರಿಗೆ 1738ರಲ್ಲಿ ಇಲ್ಲಿ ನೆಲೆ ಕೊಟ್ಟವನು ಸಾರ್ಡೀನಿಯಾದ ದೊರೆ ಮೂರನೆಯ ಕಾರ್ಲೊ ಎಮಾನುಯೆಲೆ. ಊರಿಗೆ ಅವನದೇ ಹೆಸರು. ಆದರೆ ಸ್ವಾಮಿ, ದೊರೆ ಕೊಟ್ಟದ್ದು ಅಪ್ಪಣೆ ಮಾತ್ರ. ಜಾಗ ತೋರಿಸಿದ್ದು ವಾಯವ್ಯದಿಂದ ಬೀಸುವ ಮಿಸ್ಟ್ರಲ್ ಗಾಳಿ. ಪಡುವಣ ದಂಡೆಯೆಲ್ಲ ಜ್ವಾಲಾಮುಖಿ ಕಲ್ಲಿನ ಕಡಿದಾದ ಬಂಡೆ. ಅಲ್ಲಿ ಲಂಗರು ಹಾಕಿದ ಹಡಗನ್ನು ಗಾಳಿ ಬಂಡೆಗೇ ತಳ್ಳುತ್ತದೆ. ಮೂಡಣ ದಂಡೆಗೆ ದ್ವೀಪದ ಗುಡ್ಡಗಳೇ ಮರೆ. ಊರು ನಿಂತದ್ದು ಅಲ್ಲಿ.

ದಾಳಿಯ ಮಾತಿಗೆ ಬನ್ನಿ. ಟುನಿಸ್ ಕಡೆಯ ಕಡಲ್ಗಳ್ಳರು ಸುಮಾರು 900 ಜನರನ್ನು ಗುಲಾಮರಾಗಿ ಒಯ್ದರು. ಸೆರೆಯಲ್ಲಿ ಉಳಿದಿದ್ದವರ ಬಿಡುಗಡೆ ಆದದ್ದು 1803ರಲ್ಲಿ. ನಕಾಶೆ ಬಿಚ್ಚಿದರೆ ಟುನಿಸ್ ಇರುವುದು ಇಲ್ಲಿಂದ ಆಗ್ನೇಯಕ್ಕೆ, ಸುಮಾರು 300 ಕಿ.ಮೀ. ದೂರದಲ್ಲಿ. ಮಿಸ್ಟ್ರಲ್ ಬೀಸುತ್ತಿದ್ದರೆ ಕಡಲ್ಗಳ್ಳರಿಗೆ ಇಲ್ಲಿಂದ ಮರಳುವ ದಾರಿಯುದ್ದಕ್ಕೂ ಬೆನ್ನಗಾಳಿ. ಈ ಊರು ಎಷ್ಟು ಅಪಾಯದಲ್ಲಿತ್ತೆಂದು ತಿಳಿಯಲು ಯಾವ ವಂಶಾವಳಿಯೂ ಬೇಕಿಲ್ಲ.

ಇನ್ನು ಮೀನು. ಅಟ್ಲಾಂಟಿಕ್‌ನ ಟ್ಯೂನಾ ಮೊಟ್ಟೆಯಿಡಲು ಮೆಡಿಟರೇನಿಯನ್‌ಗೆ ಬಂದು ಮೇ–ಜೂನ್‌ನಲ್ಲಿ ಈ ದ್ವೀಪದ ಉತ್ತರ ತುದಿಯನ್ನು ಹಾಯುತ್ತದೆ. ದಡದಿಂದ ಕಡಲಿಗೆ ಅಡ್ಡಲಾಗಿ ಬಲೆಯ ಗೋಡೆ ಕಟ್ಟುತ್ತಾರೆ. ಗೋಡೆ ಎದುರಾದರೆ ಮೀನು ಆಳದ ಕಡೆಗೆ ತಿರುಗಿ ಬಲೆಯ ಕೋಣೆಗಳೊಳಗೆ ಹೋಗುತ್ತದೆ. ಕೊನೆಯ ಕೋಣೆಗೆ ಮಾತ್ರ ತಳದಲ್ಲೂ ಬಲೆ. ಸುತ್ತ ದೋಣಿ ನಿಲ್ಲಿಸಿ ಅದನ್ನು ಎತ್ತುತ್ತಾರೆ. ಲಂಗರುಗಳ ತೂಕ ಕಡಿಮೆಯಾದರೆ ಸೆಳೆತಕ್ಕೆ ಗೋಡೆ ವಾಲಿ ಬುಡ ಮೇಲೇಳುತ್ತದೆ, ಮೀನು ಅಡಿಯಿಂದ ನುಸುಳಿ ಹೋಗುತ್ತದೆ, ವಾರಗಟ್ಟಲೆ ಮಾಡಿದ ಕೆಲಸ ವ್ಯರ್ಥ.

ಹಿಡಿದ ಮೀನು ಕೆಡದಿರಲು ಉಪ್ಪು ಬೇಕು. ಊರ ಪಕ್ಕದಲ್ಲಿ ಉಪ್ಪಿನಾಗರ ಏಕಿತ್ತೆಂದು ಇಲ್ಲಿಗೆ ಗೊತ್ತಾಗಬೇಕು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಮಡಿಯಿಂದ ಮಡಿಗೆ ಹರಿದು ಆವಿಯಾಗುವಾಗ ಉಪ್ಪಿಗಿಂತ ಮೊದಲು ಜಿಪ್ಸಂ ಕೂರುತ್ತದೆ; ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಅಡುಗೆಯುಪ್ಪು ಹರಳುಗಟ್ಟುತ್ತದೆ. ಆಮೇಲೆ ಉಳಿದ ನೀರನ್ನು ಹೊರಬಿಡಲು ತಡವಾದರೆ ಮೆಗ್ನೀಷಿಯಂ ಲವಣ ಸೇರಿ ಉಪ್ಪು ಕಹಿಯಾಗುತ್ತದೆ, ಸದಾ ಒದ್ದೆಯಾಗಿರುತ್ತದೆ. ಮಳೆಯಿಲ್ಲದ ಬೇಸಿಗೆ ಇರುವ ಕಡೆಗಷ್ಟೇ ಈ ಕಸುಬು ಒಗ್ಗುತ್ತದೆ.

1899ರಲ್ಲಿ ಇಲ್ಲೊಂದು ನಕ್ಷತ್ರ ವೀಕ್ಷಣಾಲಯ ಶುರುವಾಯಿತು. ಜಪಾನಿನ ಮಿಜುಸಾವಾ, ಅಮೆರಿಕದ ಯುಕಾಯಾ ಮೊದಲಾದವುಗಳ ಜೊತೆ ಇದೂ 39°08′ ಉತ್ತರ ಅಕ್ಷಾಂಶದಲ್ಲಿದೆ. ಎಲ್ಲರೂ ಅವೇ ನಕ್ಷತ್ರಗಳನ್ನು ಅಳೆದರೆ ನಕ್ಷತ್ರಪಟ್ಟಿಯ ತಪ್ಪು ಎಲ್ಲರಿಗೂ ಸಮನಾಗಿ ತಟ್ಟಿ ಕಳೆದುಹೋಗುತ್ತದೆ. ಉಳಿದ ವ್ಯತ್ಯಾಸದಲ್ಲಿ ಭೂಮಿಯ ಧ್ರುವ ಕೆಲವು ಮೀಟರ್ ಅಲೆದಾಡುವುದು ಕಾಣುತ್ತದೆ. ಇಂಥ ಇತಿಹಾಸಕ್ಕೆ ಯಾವ ದೊರೆ ಬೇಕು?

ನಿಮ್ಮನ್ನೊಬ್ಬರನ್ನೇ ದೂರಿ ಫಲವಿಲ್ಲ. ನಮ್ಮ ಪಠ್ಯಪುಸ್ತಕಗಳು ಭೂಗೋಳವನ್ನೂ ಇತಿಹಾಸವನ್ನೂ ಬೇರೆ ಬೇರೆ ಪಾಠ ಮಾಡಿ, ಯುದ್ಧದ ಪುಟದಲ್ಲಿ ಅಳತೆಗೋಲಿಲ್ಲದ ನಕಾಶೆ ಅಚ್ಚು ಹಾಕುತ್ತವೆ. ಪರೀಕ್ಷೆಯಲ್ಲಿ ಇಸವಿ ಕೇಳುತ್ತಾರೆ, ಗಾಳಿಯ ದಿಕ್ಕು ಕೇಳುವುದಿಲ್ಲ. 1798ರ ದಾಳಿಯ ಬಗ್ಗೆ ಬೇರೆಯೇ ಲೇಖನ ಖಂಡಿತ ಕೊಡುತ್ತೇವೆ. ಅದರ ಮೊದಲ ಪುಟದಲ್ಲೂ ನಕಾಶೆಯೇ ಇರುತ್ತದೆ, ಗಾಳಿಯ ಬಾಣ ಮತ್ತು ಅಳತೆಗೋಲಿನ ಸಮೇತ.