ಕಮಾನಿನ ಗೆರೆ ಸೊಟ್ಟ ಬರ್ತಿದ್ದರೆ ಪೆನ್ ಟೂಲ್ ಬಿಡಿ, ವೃತ್ತದಿಂದ ಶುರು ಮಾಡಿ

ನಿಮ್ಮ ಫೈಲಿನ ಚಿತ್ರ ನೋಡಿದೆ. ಕಾಲೇಜು ಗ್ಯಾದರಿಂಗ್ ಸ್ಟೇಜಿಗೆ ಗೋಳಗುಮ್ಮಟದ ಶೈಲಿಯ ಕಮಾನು, 1200 ಮಿಮೀ ಅಗಲ, ಎಂಡಿಎಫ್ ಹಲಗೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಕಟಿಂಗ್. ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಎಷ್ಟು ಎಳೆದರೂ ಒಂದು ಕಡೆ ಉಬ್ಬುತ್ತೆ, ಇನ್ನೊಂದು ಕಡೆ ಚಪ್ಪಟೆ ಆಗುತ್ತೆ ಅಂತ ಕೇಳಿದ್ದೀರಿ.

ನಿಮ್ಮ ಕೈ ಸರಿಯಾಗೇ ಇದೆ. ಪೆನ್ ಟೂಲ್ ಎಳೆಯೋದು ಬೆಝಿಯರ್ ಗೆರೆ, ಅಂದರೆ ನೋಡ್ (ಗೆರೆಯ ಬಿಂದು) ಮತ್ತು ಅದರ ಹ್ಯಾಂಡಲ್ (ಬಾಗು ತಿದ್ದೋ ಹಿಡಿ) ಇಟ್ಟು ಬಾಗಿಸೋ ಗೆರೆ. ಅದರಿಂದ ವೃತ್ತದ ಹತ್ತಿರ ಹೋಗಬಹುದೇ ಹೊರತು ಪೂರ್ತಿ ವೃತ್ತ ಬರಲ್ಲ. ಅರ್ಧ ವೃತ್ತವನ್ನು ಎರಡೇ ನೋಡ್ ಇಟ್ಟು ಎಳೆದರೆ, ಹ್ಯಾಂಡಲ್ ಅನ್ನು ಸಾಮಾನ್ಯ ಲೆಕ್ಕದಂತೆ ಸರಿಯಾಗಿ ಇಟ್ಟರೂ ತ್ರಿಜ್ಯದ ಸುಮಾರು ಶೇ. 1.8ರಷ್ಟು ತಪ್ಪು ಉಳಿಯುತ್ತೆ. 1 ಮೀಟರ್ ತ್ರಿಜ್ಯಕ್ಕೆ ಅದು 18 ಮಿಮೀ. ಸ್ಟೇಜಿನ ಮೇಲೆ ಎದ್ದು ಕಾಣುತ್ತೆ. ಅದೇ 90 ಡಿಗ್ರಿಯ ತುಂಡಾದರೆ ತಪ್ಪು ಶೇ. 0.03ಕ್ಕಿಂತ ಕಡಿಮೆ, ಅಂದರೆ 0.3 ಮಿಮೀ ಒಳಗೆ. ತುಂಡು ಚಿಕ್ಕದಾದಷ್ಟೂ ತಪ್ಪು ಇನ್ನೂ ಇಳಿಯುತ್ತೆ.

ನಮ್ಮ ಗೌಂಡಿಗಳು ಕಮಾನು ಗುರುತು ಹಾಕೋದು ಹೇಗೆ? ಮೊಳೆ ಹೊಡೆದು, ದಾರ ಕಟ್ಟಿ ಎಳೀತಾರೆ. ಮೊಳೆ ಎಲ್ಲಿ ಅನ್ನೋದೇ ಮುಖ್ಯ. ಇಲ್ಲೂ ಅಷ್ಟೇ, ಮೊದಲು ಕೇಂದ್ರ, ಆಮೇಲೆ ಗೆರೆ.

ಈ ಥರ ಚೂಪು ತುದಿಯ ಕಮಾನಿಗೆ ನಾಲ್ಕು ಕೇಂದ್ರ ಇಟ್ಟರೆ ಚೆಂದ. ಬುಡದಲ್ಲಿ ಎರಡು ಚಿಕ್ಕ ವೃತ್ತ, ಮೇಲೆ ಎರಡು ದೊಡ್ಡ ವೃತ್ತ. ನಿಮ್ಮ 1200 ಮಿಮೀಗೇ ಲೆಕ್ಕ ಹಾಕಿದ್ದೇನೆ. ಮೊದಲು ಎಡ ಅರ್ಧ. ಬುಡದ ಅಡ್ಡ ಗೆರೆಯನ್ನು ನಾಲ್ಕು ಭಾಗ ಮಾಡಿ. ಎಡ ಅಂಚಿನಿಂದ 300 ಮಿಮೀ ಒಳಗೆ ಮೊದಲ ಕೇಂದ್ರ, ಅದಕ್ಕೆ 300 ಮಿಮೀ ತ್ರಿಜ್ಯದ ವೃತ್ತ. ಎರಡನೇ ಕೇಂದ್ರ ಎದುರು ಬದಿಗೆ ಬರುತ್ತೆ: ಬಲ ಅಂಚಿನಿಂದ 300 ಒಳಗೆ, ಅಡ್ಡ ಗೆರೆಯಿಂದ 600 ಮಿಮೀ ಕೆಳಗೆ. ಅದರ ತ್ರಿಜ್ಯ 1148.5. ಈ ಎರಡು ಕೇಂದ್ರಗಳನ್ನು ಸೇರಿಸಿ ಗೆರೆ ಎಳೆದು ಮುಂದುವರಿಸಿದರೆ, ಎರಡೂ ವೃತ್ತ ಆ ಗೆರೆಯ ಮೇಲೇ ಒಂದನ್ನೊಂದು ಮುಟ್ಟುತ್ತವೆ. ಗೆರೆ ಮುರಿಯದೆ ನಯವಾಗಿ ಬರೋ ಗುಟ್ಟು ಇದೇ: ಎರಡೂ ಕೇಂದ್ರ ಮತ್ತು ಕೂಡೋ ಬಿಂದು ಒಂದೇ ಸಾಲಿನಲ್ಲಿ ಇರಬೇಕು. ಅಳತೆ ಏನೇ ಬದಲಿಸಿದರೂ ಇದನ್ನು ಬಿಡಬೇಡಿ.

ಈಗ ಇಂಕ್‌ಸ್ಕೇಪ್. ಡಾಕ್ಯುಮೆಂಟ್ ಯೂನಿಟ್ ಮಿಮೀ ಇರಲಿ. ಕೇಂದ್ರಗಳಲ್ಲಿ ಗೈಡ್ (ಗುರುತಿನ ಗೆರೆ) ಇಡಿ, ಅದಕ್ಕೆ ಅಂಟಿಕೊಳ್ಳೋ ಹಾಗೆ ಸ್ನ್ಯಾಪ್ ಆನ್ ಮಾಡಿ. ಎಲಿಪ್ಸ್ ಟೂಲ್ ತಗೊಂಡು, ಗೈಡ್ ಕೂಡೋ ಜಾಗದಿಂದ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಎಳೆಯಿರಿ. ಕೇಂದ್ರದಿಂದಲೇ ವೃತ್ತ ಬರುತ್ತೆ. ಆಮೇಲೆ ಮೇಲಿನ ಪಟ್ಟಿಯಲ್ಲಿ ತ್ರಿಜ್ಯದ ಎರಡೂ ಖಾನೆಗೆ ಅಂಕಿ ಟೈಪ್ ಮಾಡಿ. ಸೆಲೆಕ್ಟ್ ಟೂಲಿನ ಅಗಲ-ಎತ್ತರದ ಖಾನೆ ಬೇಡ. ಅದು ಸಾಮಾನ್ಯವಾಗಿ ಗೆರೆಯ ದಪ್ಪವನ್ನೂ ಸೇರಿಸಿಕೊಳ್ಳುತ್ತೆ.

ಪೂರ್ಣ ವೃತ್ತ ಜಾಗದಲ್ಲಿ ಕೂತ ಮೇಲೇ ಕೋನ ಕೊಡಿ. ಕತ್ತರಿಸಿದ ತುಂಡನ್ನು ಅಲೈನ್ ಮಾಡೋಕೆ ಹೋದರೆ ಅದರ ನಡುಭಾಗ ಬೇರೆ ಕಡೆ ಹೋಗಿರುತ್ತೆ, ವೃತ್ತದ ಕೇಂದ್ರ ಸಿಗಲ್ಲ. ಇಲ್ಲಿ ಕೋನದ ಎಣಿಕೆ ಶಾಲೆಯಲ್ಲಿ ಕಲಿತದ್ದಕ್ಕೆ ಉಲ್ಟಾ: ಸೊನ್ನೆ ಬಲಕ್ಕೆ, ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ. 180 ಅಂದರೆ ಎಡ, 270 ಅಂದರೆ ಮೇಲೆ. ಚಿಕ್ಕ ವೃತ್ತಕ್ಕೆ ಸ್ಟಾರ್ಟ್ 180, ಎಂಡ್ 225. ದೊಡ್ಡದಕ್ಕೆ 225ರಿಂದ 254.86. ಪಕ್ಕದ ಬಟನ್‌ಗಳಲ್ಲಿ ಆರ್ಕ್ ಆರಿಸಿ. ಸ್ಲೈಸ್ ಆದರೆ ತ್ರಿಜ್ಯದ ಗೆರೆಯೂ ಬರುತ್ತೆ, ಕಾರ್ಡ್ ಆದರೆ ತುದಿಗಳ ನಡುವೆ ಅಡ್ಡ ಗೆರೆ ಬಂದುಬಿಡುತ್ತೆ. ಮಷೀನ್ ಅದನ್ನೂ ಕಟ್ ಮಾಡುತ್ತೆ.

ಕಮಾನಿನ ತುದಿ ಅಡ್ಡ ಗೆರೆಯಿಂದ ಸುಮಾರು 509 ಮಿಮೀ ಮೇಲೆ ಬರಬೇಕು. ಬಂತಾ, ಎಲ್ಲ ಸರಿ ಇದೆ. ಎರಡೂ ತುಂಡನ್ನು ಆಬ್ಜೆಕ್ಟ್ ಟು ಪಾಥ್ ಮಾಡಿ, ಕಂಬೈನ್ ಮಾಡಿ, ನೋಡ್ ಟೂಲಿನಲ್ಲಿ ಕೂಡೋ ಎರಡು ನೋಡ್ ಆರಿಸಿ ಜಾಯಿನ್ ಕೊಡಿ. ನಕಲು ಮಾಡಿ ಅಡ್ಡಕ್ಕೆ ಫ್ಲಿಪ್ ಮಾಡಿ, ತುದಿಗೆ ತುದಿ ಸೇರೋ ಹಾಗೆ ಬಲಕ್ಕೆ ಸರಿಸಿದರೆ ಬಲಬದಿ ಸಿದ್ಧ. ತುದಿಯಲ್ಲೂ ಹಾಗೇ ಜಾಯಿನ್. ಇದಾದ ಮೇಲೆ ಸಿಂಪ್ಲಿಫೈ ಮುಟ್ಟಲೇಬೇಡಿ, ಆಟೋ ಸ್ಮೂತ್ ಕೂಡ ಬೇಡ. ಲೆಕ್ಕ ಹಾಕಿ ಬಂದ ಹ್ಯಾಂಡಲ್‌ಗಳನ್ನು ಅವು ಸರಿಸಿಬಿಡುತ್ತವೆ.

ಒಂದು ಮಾತು, ಇದು ಗುಮ್ಮಟದ ಕಮಾನಿನ ಅಳೆದ ನಕಲು ಅಲ್ಲ, ಆ ಥರದ ಆಕಾರ ಅಷ್ಟೇ. ಗುಮ್ಮಟದ ಒಳಗೆ ನಿಂತು ಮೇಲೆ ನೋಡಿ. ಓರೆಯಾಗಿ ಕೂತ ಎರಡು ಚೌಕಗಳ ಲೆಕ್ಕದಲ್ಲಿ ಎಂಟು ಕಮಾನು ಒಂದನ್ನೊಂದು ದಾಟಿ ಗುಮ್ಮಟದ ಭಾರವನ್ನು ಹೊತ್ತಿವೆ. 1656ರ ಕೆಲಸ ಅದು! ನಮ್ಮ ಊರಿನ ಸ್ಟೇಜಿಗೆ ಆ ಗೆರೆ ಹಾಕೋವಾಗ ಅಂದಾಜಿನಲ್ಲಿ ಎಳೆಯಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತೆ.

ಇರೋ ಕಮಾನನ್ನು ಅಳೆದೇ ಮಾಡ್ತೀರಾ? ಒಂದೇ ವೃತ್ತದ ತುಂಡಾದರೆ ಟೇಪ್ ಸಾಕು. ಅಗಲದ ವರ್ಗವನ್ನು ಎತ್ತರದ ಎಂಟು ಪಟ್ಟಿನಿಂದ ಭಾಗಿಸಿ, ಅದಕ್ಕೆ ಎತ್ತರದ ಅರ್ಧ ಕೂಡಿಸಿ. 1200 ಅಗಲ, 200 ಎತ್ತರ ಇದ್ದರೆ 900ಕ್ಕೆ 100 ಕೂಡಿ ತ್ರಿಜ್ಯ 1000 ಬರುತ್ತೆ. ಲೆಕ್ಕ ಬೇಡ ಅಂದರೆ ಪಾಥ್ ಎಫೆಕ್ಟ್‌ನಲ್ಲಿ ಮೂರು ಬಿಂದುಗಳಿಂದ ವೃತ್ತ ಎಳೆಯೋ ಆಯ್ಕೆ ಇದೆ, ಫೋಟೋದ ಮೇಲೆ ಮೂರು ನೋಡ್ ಇಟ್ಟರೆ ಆಯ್ತು. ಫೋಟೋ ಮಾತ್ರ ನೇರ ಎದುರಿನಿಂದ ತೆಗೆದಿರಬೇಕು.

ಕಟಿಂಗ್‌ನವರು ಡಿಎಕ್ಸ್‌ಎಫ್ ಅನ್ನೋ ಫೈಲ್ ಕೇಳಿದರೆ, ಅವರ ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ಒಮ್ಮೆ ನೋಡಿ. ಗೆರೆ ಸಣ್ಣ ಸಣ್ಣ ನೇರ ತುಂಡುಗಳಾಗಿದ್ದರೆ ಇಂಕ್‌ಸ್ಕೇಪ್‌ನದೇ ಎಸ್‌ವಿಜಿ ಫೈಲ್ ತಗೋತೀರಾ ಕೇಳಿ. ಹಲಗೆಯ ದಪ್ಪ ಎಷ್ಟು ಅಂತ ಇಲ್ಲಿ ಹಾಕಿ, ಒಳಗೆರೆ ಮತ್ತು ಹೊರಗೆರೆ ನಡುವೆ ಎಷ್ಟು ಬಿಡಬೇಕು ಅಂತ ಹೇಳ್ತೇನೆ.