ಟೈಲರಕ್ಕನ ಕತೆ ಕಳಿಸಿದ ಲೇಖಕಿಗೆ

ನಮಸ್ಕಾರ.

ನಿಮ್ಮ ತಮಾಷೆಯ ಪತ್ತೇದಾರಿ ಕಾದಂಬರಿಯ 212 ಪುಟಗಳನ್ನು ಎರಡು ಸಲ ಓದಿದೆ. ಪತ್ರದಲ್ಲಿ ನನ್ನನ್ನು ‘ಸರ್’ ಅಂತ ಕರೆದಿದ್ದೀರಿ. ನಾನು ಹೆಂಗಸು. ಪತ್ತೇದಾರಿಕೆಯನ್ನು ಅಲ್ಲಿಂದಲೇ ಶುರು ಮಾಡಬಹುದಿತ್ತು, ಇರಲಿ ಬಿಡಿ.

ಮೊದಲೇ ಹೇಳಿಬಿಡ್ತೀನಿ. ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸೋದಿಲ್ಲ. ಆದರೆ ‘ಗಮನಿಸಿದ್ದೇವೆ, ಧನ್ಯವಾದ’ ಅಂತ ಎರಡು ಸಾಲು ಬರೆದು ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ. ಕಾರಣ ನಿಮ್ಮ ಮೂರನೇ ಅಧ್ಯಾಯ. ಸಿರಸಿ ಜಾತ್ರೆಗೆ ನಾಲ್ಕು ದಿನ ಇದೆ, ಟೈಲರಕ್ಕನ ಅಂಗಡಿಯಲ್ಲಿ ಅರವತ್ತು ಬ್ಲೌಸು ಬಾಕಿ, ಕರೆಂಟಿಲ್ಲ. ಒಬ್ಬರು ಬಂದು ‘ನಾನು ಹಾಗೇ ಇದ್ದೀನಿ, ಬ್ಲೌಸೇ ಕುಗ್ಗಿದೆ’ ಅಂತಾರೆ. ಟೈಲರಕ್ಕ ತಲೆ ಎತ್ತದೆ ‘ಹೌದು, ನನ್ನ ಟೇಪೂ ಕುಗ್ಗಿದೆ’ ಅಂತಾಳೆ. ಆಫೀಸಿನಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ.

ಆಮೇಲೆ 64ನೇ ಪುಟದಲ್ಲಿ ಅಡಿಕೆ ಸಾಹುಕಾರರ ಹೆಣ ಸಿಗುತ್ತೆ. ಅಲ್ಲಿಂದಾಚೆ ನಾನು ನಗಲಿಲ್ಲ. ಟೈಲರಕ್ಕನೂ ನಗಲಿಲ್ಲ. ಮೂರ್ನಾಲ್ಕು ದಿನ ಕಳೆದದ್ದೇ ಅಂಗಡಿಗೆ ಬೀಗ ಹಾಕಿ ಟಾರ್ಚು ಹಿಡಿದು ಹೊರಟುಬಿಡ್ತಾಳೆ. ಅವಳ ಹೊಲಿಗೆ ಮಿಷನ್ನು ಮತ್ತೆ ಶಬ್ದ ಮಾಡೋದು 209ನೇ ಪುಟದಲ್ಲಿ. ನಡುವೆ ಇರುವವಳು ಟಿವಿ ಸೀರಿಯಲ್ಲಿನ ಯಾರೋ.

ತೊಂದರೆ ಇರೋದು ಇಲ್ಲಿ. ನಗುವನ್ನು ಒಂದು ಡಬ್ಬಿಯಲ್ಲಿ, ಗುಟ್ಟನ್ನು ಇನ್ನೊಂದು ಡಬ್ಬಿಯಲ್ಲಿ ಇಟ್ಟಿದ್ದೀರಿ. ಈ ಜಾತಿಯ ಕತೆಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರಬೇಕು. ಓದುಗರು ಯಾವುದಕ್ಕೆ ನಕ್ಕು ಪುಟ ತಿರುಗಿಸಿದರೋ, ನೂರು ಪುಟ ಆದಮೇಲೆ ಅದೇ ಸುಳಿವಾಗಿತ್ತು ಅಂತ ಗೊತ್ತಾಗಬೇಕು. ಸುಳಿವು ಅಡಗಿಸಿಡೋಕೆ ತಮಾಷೆಗಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ವಿಚಿತ್ರ ಏನಂದ್ರೆ, ನೀವು ಗೊತ್ತಿಲ್ಲದೆ ಅದನ್ನು ಮಾಡಿದ್ದೀರಿ. 71ನೇ ಪುಟ ತೆಗೆಯಿರಿ. ತೇರಿನ ಮಾರನೇ ದಿನ ಸಾಹುಕಾರರ ಭಾವಮೈದ ಹೊಸ ಅಂಗಿ ತಂದು ‘ಉದ್ದ ತೋಳು ಬೇಡ, ಅರ್ಧ ತೋಳು ಮಾಡಿಕೊಡಿ’ ಅಂತಾನೆ. ಜಾತ್ರೆಗೆ ಅಂತಲೇ ಹೊಲಿಸಿದ ಅಂಗಿ, ಒಂದೇ ಸಲ ಹಾಕಿದ್ದು. ಟೈಲರಕ್ಕ ಮನಸ್ಸಲ್ಲೇ ಗೊಣಗಿಕೊಂಡು ತೋಳು ಕತ್ತರಿಸ್ತಾಳೆ. ಗಂಡಸರ ಫ್ಯಾಷನ್ ಬಗ್ಗೆ ಒಂದು ಜೋಕು ಬರುತ್ತೆ, ಕತೆ ಮುಂದಕ್ಕೆ ಹೋಗುತ್ತೆ. ಅಯ್ಯೋ ಮಾರಾಯ್ತಿ, ಕೊಲೆಯಾದ ಮರುದಿನ ಒಬ್ಬ ಹೊಸ ಅಂಗಿಯ ತೋಳು ಕತ್ತರಿಸು ಅಂತಾನೆ! ಆ ತೋಳಿನಲ್ಲಿ ಏನಿತ್ತು ಅಂತ ನೀವೂ ಕೇಳಲಿಲ್ಲ, ನಿಮ್ಮ ಪತ್ತೇದಾರಿಣಿಯೂ ಕೇಳಲಿಲ್ಲ.

ಏನಿರಬಹುದು ಅಂತ ನಾನು ಸುಮ್ನೆ ಯೋಚಿಸಿದೆ. ಅಡಿಕೆ ಊರು. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಮೈಲುತುತ್ತ ಬೆವರಿನ ಬಟ್ಟೆಗೆ ತಾಗಿದರೆ ನೀಲಿ ಕಲೆ. ಆದರೆ ಔಷಧಿ ಹೊಡೆಯೋದು ಮಳೆಯ ಕಾಲದಲ್ಲಿ. ಜಾತ್ರೆ ಬರೋದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆ ಬಿಸಿಲಲ್ಲಿ, ಹೊಸ ಅಂಗಿಯ ತೋಳಿಗೆ ಮೈಲುತುತ್ತ ಎಲ್ಲಿಂದ ಬಂತು? ಸಾಹುಕಾರರ ಅಡಿಕೆ ವಖಾರಿಯ ಹಿಂಬಾಗಿಲಿಗೆ ಅಡ್ಡ ಇಟ್ಟಿದ್ದ ಮೈಲುತುತ್ತದ ಚೀಲವನ್ನು ಯಾರೋ ಸರಿಸಿ ಒಳಗೆ ಹೋಗಿದ್ದರೆ? ಇದನ್ನೇ ಬರೆಯಿರಿ ಅಂತಿಲ್ಲ. ಕತ್ತರಿಸಿದ ತೋಳಿನ ತುಂಡು ಟೈಲರಕ್ಕನ ಚಿಂದಿ ಚೀಲದಲ್ಲೇ ಇದೆ ಅಂತ ನೆನಪು ಮಾಡ್ತಿದ್ದೀನಿ. ಟೈಲರ್ ಯಾವ ತುಂಡನ್ನೂ ಎಸೆಯೋದಿಲ್ಲ, ನನಗಿಂತ ನಿಮಗೇ ಜಾಸ್ತಿ ಗೊತ್ತು.

ಇದರ ಬದಲಿಗೆ ನೀವು ತಂದಿದ್ದು ಬ್ರೆಜಿಲ್ ಕಾಡಿನ ಕಪ್ಪೆಯ ವಿಷ. ಕೊರಿಯರ್‌ನಲ್ಲಿ! ಸಣ್ಣ ಊರಿನಲ್ಲಿ ಒಂದು ಕೊರಿಯರ್ ಬಂದರೆ ಒಳಗೇನಿದೆ ಅಂತ ಪಕ್ಕದ ಅಂಗಡಿಯವರಿಗೆ ಮೊದಲು ಗೊತ್ತಾಗುತ್ತೆ, ಅಲ್ವಾ? ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ವಿಷದ ಬಗ್ಗೆ ಅಷ್ಟು ಸಲೀಸಾಗಿ ಬರೆದರು ಅಂದರೆ, ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡಿದ್ದರು. ಅದು ಅವರ ಕೈಯ ಕೆಲಸ. ಹದಿನಾಲ್ಕು ವರ್ಷದಿಂದ ಹೊಲಿಗೆ ಅಂಗಡಿ ನಡೆಸ್ತಿದ್ದೀನಿ ಅಂತ ನೀವೇ ಬರೆದಿದ್ದೀರಿ. ಕಪ್ಪೆ ಯಾಕೆ ಬೇಕಿತ್ತು?

ಇನ್ನೊಂದು ಇಂಥದ್ದೇ ಇದೆ. ಸಾಹುಕಾರರು ಸತ್ತ ಮೂರನೇ ದಿನ ಅವರ ಹೆಂಡತಿ ಅಳತೆ ಬ್ಲೌಸು ಹಿಡಿದು ಅಂಗಡಿಗೆ ಬರ್ತಾರೆ. ಸೂತಕದ ಮನೆ. ನೀವು ಇದನ್ನು ಸುಳಿವು ಅಂತ ಬರೆದಿಲ್ಲ, ಮರೆತು ಬರೆದಿದ್ದೀರಿ. ಓದಿದಾಗ ಗೊತ್ತಾಗುತ್ತೆ, ಯಾಕಂದ್ರೆ ಊರಿನ ಒಬ್ಬರೂ ಅದರ ಬಗ್ಗೆ ಮಾತಾಡೋದಿಲ್ಲ. ಸಿರಸಿಯಲ್ಲಿ! ಆ ಪುಟ ಅಳಿಸಬೇಡಿ. ಊರಿಗೆ ಮಾತಾಡೋಕೆ ಬಿಡಿ.

ಜಾತ್ರೆಯದ್ದೂ ಹೀಗೇ. ‘ಹೋದ ವರ್ಷದ ಜಾತ್ರೆಯಲ್ಲಿ’ ಅಂತ ಐದು ಕಡೆ ಬರೆದಿದ್ದೀರಿ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಸಿರಸಿಯ ಓದುಗರು ಅಲ್ಲೇ ಪುಸ್ತಕ ಮುಚ್ಚಿಬಿಡ್ತಾರೆ. ಸುಮ್ನೆ ತಿದ್ದಿ ಬಿಡಬೇಡಿ, ಬಳಸಿಕೊಳ್ಳಿ. ಟೈಲರಕ್ಕನ ಅಳತೆ ಪುಸ್ತಕದಲ್ಲಿ ಎರಡು ವರ್ಷ ಹಿಂದಿನ ಜಾತ್ರೆಯ ಅಳತೆ ಇದೆ, ಬಿಲ್ಲಿಗೆ ಚುಚ್ಚಿದ ಬಟ್ಟೆ ತುಂಡು ಇದೆ, ಯಾರು ಎಷ್ಟು ಬಾಕಿ ಇಟ್ಟಿದ್ದರು ಅನ್ನೋದೂ ಇದೆ. ಆಗ ಹೊಲಿಗೆಯ ದುಡ್ಡು ಬಾಕಿ ಇಟ್ಟವರು ಈ ಸಲ ಲೈನಿಂಗ್, ಪೈಪಿಂಗ್ ಹಾಕಿಸಿ ಮೂರು ರೇಷ್ಮೆ ಬ್ಲೌಸು ಹೊಲಿಸಿದ್ದಾರೆ ಅಂದರೆ? ಪೊಲೀಸರ ಹತ್ತಿರ ಇಂಥ ಫೈಲು ಇರೋದಿಲ್ಲ.

ಪೊಲೀಸರ ಮಾತು ಬಂತು. ನಿಮ್ಮ ಪಿಎಸ್‌ಐ ಟೈಲರಕ್ಕನ ತಂಗಿಯ ಮಗ. ಪೋಸ್ಟ್‌ಮಾರ್ಟಂ ವರದಿಯನ್ನು ವಾಟ್ಸಾಪ್‌ನಲ್ಲಿ ಕಳಿಸ್ತಾನೆ, ಜೊತೆಗೆ ಗುಡ್ ಮಾರ್ನಿಂಗ್ ಗುಲಾಬಿ ಹೂ. ಗುಲಾಬಿ ಚೆನ್ನಾಗಿದೆ, ವರದಿ ಬೇಡ. ಪೊಲೀಸರೇ ಎಲ್ಲ ತಂದುಕೊಟ್ಟರೆ ಅವಳ ಕೆಲಸ ಏನು? ಒಟ್ಟಿದ ಅಡಿಕೆ ಚೀಲ ಜಾರಿ ಮೈಮೇಲೆ ಬಿದ್ದು ಸತ್ತರು ಅಂತ ಸ್ಟೇಷನ್ನಿನಲ್ಲಿ ಯುಡಿಆರ್ ಬರೆದುಕೊಳ್ಳಲಿ, ಅಸಹಜ ಸಾವು ಅಂತ. ಅವರ ಪಾಲಿಗೆ ಕೇಸೇ ಇಲ್ಲ. ಆಗ ಟೈಲರಕ್ಕನಿಗೆ ಜಾಗ ಸಿಗುತ್ತೆ. ಪಿಎಸ್‌ಐ ಬಾಯಲ್ಲಿ ‘302’ ಬೇರೆ ಬರುತ್ತೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103. ಹಳೆ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಪ್ರತಿ ಸಲ 302 ಅಂದು ನಾಲಿಗೆ ಕಚ್ಚಿಕೊಳ್ಳಲಿ.

ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನ ಪಾದ್ರಿಯೊಬ್ಬರು ಪತ್ತೇದಾರಿ ಕತೆಗೆ 1929ರಲ್ಲಿ ಹತ್ತು ನಿಯಮ ಬರೆದರು. ಹತ್ತನ್ನೂ ಪಾಲಿಸಬೇಕು ಅಂತ ನಾನು ಹೇಳಲ್ಲ, ಕೆಲವು ಈಗ ಓದಿದರೆ ಮುಜುಗರ ಆಗುತ್ತೆ. ಎರಡು ಮಾತ್ರ ಇವತ್ತಿಗೂ ಗಟ್ಟಿ. ಅಪರಾಧಿ ಕತೆಯ ಶುರುವಿನಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಆಕಸ್ಮಿಕ ಸಹಾಯ ಮಾಡಬಾರದು. ನಿಮ್ಮ ಕೊಲೆಗಾರ ಬೆಂಗಳೂರಿನ ಹೋಮ್‌ಸ್ಟೇ ಮಾಲೀಕ, ಮೊದಲ ಸಲ ಬರೋದು 190ನೇ ಪುಟದಲ್ಲಿ. ಆಕಸ್ಮಿಕಗಳನ್ನು ಎಣಿಸಿದೆ, ಏಳು. ಕನಸಿನಲ್ಲಿ ದೇವಿ ಬಂದು ಬೀರು ತೋರಿಸಿದ್ದನ್ನು ಸೇರಿಸಿದರೆ ಎಂಟು. ದೇವಿಗೆ ಜಾತ್ರೆಯ ವಾರದಲ್ಲಿ ಬೇರೆ ಕೆಲಸ ಇರುತ್ತೆ.

ಕೊನೆಯ ಹೊತ್ತಿಗೆ ಒಂಬತ್ತು ಪುಟ ಕೊಲೆಗಾರ ನಾಟಕ ಕಂಪನಿಯ ಸ್ಟೇಜಿನ ಮೇಲೆ ನಿಂತು ತಪ್ಪೊಪ್ಪಿಕೊಳ್ತಾನೆ. ಪೂರ್ತಿ ತೆಗೆದುಬಿಡಿ. ಅಂಗಡಿಯಲ್ಲಿ, ಮಿಷನ್ನಿನ ಮುಂದೆ, ಅವಳು ಆ ತೋಳಿನ ತುಂಡನ್ನು ಮೇಜಿನ ಮೇಲಿಟ್ಟು ‘ಇದಕ್ಕೆ ಎಷ್ಟು ಕೊಡ್ತೀರಿ?’ ಅಂತ ಕೇಳಿದರೆ ನನಗೆ ಸಾಕು.

ಸಣ್ಣಪುಟ್ಟದ್ದು. 33ನೇ ಪುಟದಲ್ಲಿ ಚಾಲಿಯನ್ನು ಬೇಯಿಸಿದ್ದೀರಿ. ಬೇಯಿಸೋದು ‘ರಾಶಿ’ ಅನ್ನೋ ಕೆಂಪಡಿಕೆ ಮಾಡುವಾಗ. ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದದ್ದು ಚಾಲಿ. ಹೆಸರು ಅದಲುಬದಲಾದರೆ ಅಡಿಕೆ ಊರಿನಲ್ಲಿ ಕೊಲೆಗಿಂತ ದೊಡ್ಡ ಗಲಾಟೆ. ವಿಚಾರಣೆಯ ಅಧ್ಯಾಯಗಳಲ್ಲಿ ಟೈಲರಕ್ಕ ಆರು ಮನೆಗೆ ಹೋಗ್ತಾಳೆ, ಒಬ್ಬರೂ ಆಸ್ರಿಗೆ, ಅಂದರೆ ಕುಡಿಯೋಕೆ ಏನು ಬೇಕು ಅಂತ, ಕೇಳೋದಿಲ್ಲ. ಇದು ನಂಬೋಕಾಗಲ್ಲ. ಆರು ಮನೆಯ ಕಷಾಯ ಕುಡಿಯದೆ ಅವಳಿಗೆ ಒಂದೂ ಸುದ್ದಿ ಸಿಗಬಾರದು. ಮತ್ತೆ ಮೂರನೇ ಅಧ್ಯಾಯದ ಹವ್ಯಕ ಮಾತು ಕೊಲೆ ಆದಮೇಲೆ ಎಲ್ಲಿಗೆ ಹೋಯಿತು? ಆಮೇಲೆ ಎಲ್ಲರೂ ‘ನೋ ವೇ’ ಅಂತಾರೆ.

ಪೂರ್ತಿ ಮತ್ತೆ ಬರೆದು ಕಳಿಸಬೇಡಿ. ಮೊದಲ ಐವತ್ತು ಪುಟ ಸಾಕು. ಹೆಣ ಇಪ್ಪತ್ತನೇ ಪುಟದೊಳಗೆ ಸಿಗಲಿ, ಅಂಗಡಿಯ ಬಾಗಿಲು ತೆರೆದೇ ಇರಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ಓದ್ತೀನಿ. ಹಸ್ತಪ್ರತಿಯನ್ನು ಇದರ ಜೊತೆ ಕಳಿಸ್ತಿದ್ದೀನಿ, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ.

ಹಾಂ, 118 ಮತ್ತು 119ನೇ ಪುಟಗಳ ನಡುವೆ ಒಂದು ಹಸಿರು ರೇಷ್ಮೆಯ ತುಂಡು ಸಿಕ್ಕಿತು. ಗುಂಡುಸೂಜಿಯಲ್ಲಿ ಚುಚ್ಚಿದ ಚೀಟಿಯಲ್ಲಿ ‘ಗುರುವಾರ ಸಂಜೆ, ಫಾಲ್ಸ್ ಬಾಕಿ’ ಅಂತಿದೆ. ನಿಮ್ಮ ಕವರು ನಮಗೆ ತಲುಪಿ ಒಂದೂವರೆ ತಿಂಗಳಾಯಿತು. ಯಾರೋ ಪಾಪ ಸೀರೆಗೆ ಕಾಯ್ತಿರಬೇಕು. ಅದನ್ನೂ ಅದೇ ಪುಟದಲ್ಲಿ ಇಟ್ಟು ಕಳಿಸಿದ್ದೀನಿ.

ಇಂತಿ,
ಸಂಪಾದಕಿ